ತಳ ಮುಟ್ಟುವಷ್ಟೇ ಸೀಸ

ನ್ಯೂಜೆರ್ಸಿಯ ಕರಾವಳಿಯಲ್ಲಿ ಯಾವ ಬೇಟ್ (ಎರೆ) ಅಂಗಡಿಗೆ ಹೋದರೂ ಒಂದು ಗೋಡೆ ಪೂರ್ತಿ ರಿಗ್‌ಗಳದ್ದೇ, ಅಂದರೆ ಫ್ಲೂಕ್ ಅನ್ನುವ ಚಪ್ಪಟೆ ಮೀನಿಗೆ ದಾರದ ತುದಿಯಲ್ಲಿ ಕಟ್ಟುವ ಗಾಳದ ಜೋಡಣೆಗಳದ್ದೇ. ಬಣ್ಣದ ಮಣಿ, ತಿರುಗುವ ತಗಡು, ಪ್ಲಾಸ್ಟಿಕ್ ಜಾಲರಿ, ಗುಲಾಬಿ ಬಣ್ಣದ ಸ್ಕ್ವಿಡ್ ಗೊಂಬೆ. ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ ಪ್ಯಾಕೆಟ್ಟಿನಲ್ಲಿ ನೇತು ಹಾಕಿರುತ್ತಾರೆ. ಅದರ ಕೆಳಗಿನ ತೊಟ್ಟಿಗಳಲ್ಲಿ ಸೀಸದ ತೂಕಗಳು. ಒಂದು ಔನ್ಸಿನಿಂದ (ಸುಮಾರು 28 ಗ್ರಾಂ) ಹನ್ನೆರಡು ಔನ್ಸಿನವರೆಗೆ. ಹೊಸಬರು ಮೇಲಿನ ಗೋಡೆ ನೋಡುತ್ತಾ ಅರ್ಧ ಗಂಟೆ ಕಳೆಯುತ್ತಾರೆ. ಕೆಳಗಿನ ತೊಟ್ಟಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ. ಆಗಬೇಕಾದ್ದು ಇದರ ಉಲ್ಟಾ ಅಂತ ನನ್ನ ಅಭಿಪ್ರಾಯ.

ಆಳವಿಲ್ಲದ ನೀರಿನಲ್ಲಿ ಚಪ್ಪಟೆ ಮೀನು ಹಿಡಿಯಲು ಹೊರಟವರು ಮೊದಲು ಯೋಚಿಸಬೇಕಾದ್ದು ಒಂದೇ ವಿಷಯ. ಕಡಿಮೆ ಅಂದರೆ ಎಷ್ಟು ಸೀಸ ಹಾಕಿದರೆ ತಳ ಮುಟ್ಟುತ್ತದೆ? ಅದು ಗೊತ್ತಾದರೆ ದಾರ ಎಷ್ಟು ದಪ್ಪ ಇರಬೇಕು, ರಾಡ್ (ಗಾಳದ ಕೋಲು) ಎಷ್ಟು ಮೆದು ಇರಬೇಕು, ದಾರ ಸುತ್ತುವ ರೀಲು ಎಷ್ಟು ದೊಡ್ಡದಿರಬೇಕು ಅನ್ನುವುದೆಲ್ಲ ಅದರ ಬೆನ್ನಿಗೇ ತೀರ್ಮಾನವಾಗುತ್ತದೆ. ಮಣಿ, ತಗಡು, ಜಾಲರಿಗಳ ಸರದಿ ಕೊನೆಗೆ. ಬಹಳ ಸಲ ಬರುವುದೇ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ಚಪ್ಪಟೆ ಮೀನು ಅಂದರೆ ನಮಗೆ ನಂಗು. ಮಳೆಗಾಲ ಮುಗಿಯುತ್ತಿದ್ದ ಹಾಗೆ ರಾಶಿ ರಾಶಿ ಬರುತ್ತದೆ. ಗೇಣುದ್ದವೂ ಇರುವುದಿಲ್ಲ. ಚರ್ಮ ಹಿಡಿದು ಒಮ್ಮೆ ಎಳೆದರೆ ಪೂರ್ತಿ ಸುಲಿದು ಬರುತ್ತದೆ, ಆಮೇಲೆ ಖಾರ ಹಚ್ಚಿ ಹುರಿಯುವುದು. ಊರಿನಲ್ಲಿ ನಂಗನ್ನು ಯಾರೂ ಗಾಳ ಹಾಕಿ ಹಿಡಿಯುವುದಿಲ್ಲ. ಬಲೆಯೇ ಬೇಕು. ಕಾರಣ ಅದರ ಬಾಯಿಯಲ್ಲೇ ಇದೆ. ಸಣ್ಣದು, ಸೊಟ್ಟ, ಮೂತಿಯ ಕೆಳಗೆ ಅಡಗಿದೆ. ಕೆಸರಿನಲ್ಲಿರುವ ಹುಳುಗಳನ್ನು ಹೆಕ್ಕಿ ತಿನ್ನಲು ಆದದ್ದು. ಹಾಗಾಗಿ ಚಪ್ಪಟೆ ಮೀನನ್ನು ಗಾಳದಲ್ಲಿ ಹಿಡಿಯಬಹುದು ಅನ್ನುವುದೇ ನನಗೆ ಇಲ್ಲಿಗೆ ಬಂದ ಮೇಲೆ ತಿಳಿದದ್ದು.

ಇಲ್ಲಿಯವರು ಫ್ಲೂಕ್ ಅನ್ನುವುದು ಸಮ್ಮರ್ ಫ್ಲೌಂಡರ್‌ಗೆ. ನಂಗಿನ ಹಾಗೆ ಇದರದ್ದೂ ಎರಡೂ ಕಣ್ಣು ಎಡಗಡೆಗೇ. ಮರಿಯಾಗಿದ್ದಾಗ ಎಲ್ಲ ಮೀನಿನಂತೆ ಎರಡು ಬದಿಗೆ ಒಂದೊಂದು ಕಣ್ಣು ಇರುತ್ತದೆ. ಬೆಳೆಯುತ್ತಾ ಬಲಗಣ್ಣು ತಲೆಯ ಮೇಲಿನಿಂದ ಈಚೆಗೆ ಸರಿಯುತ್ತದೆ. ಆಮೇಲೆ ಮೀನು ಬಲ ಬದಿಯನ್ನು ಕೆಳಗೆ ಹಾಕಿ ಮಲಗಿಬಿಡುತ್ತದೆ. ನಂಗಿಗೂ ಇದಕ್ಕೂ ಇರುವ ಸಂಬಂಧ ಅಷ್ಟಕ್ಕೇ ಮುಗಿಯಿತು. ಫ್ಲೂಕ್‌ನ ಬಾಯಿ ದೊಡ್ಡದು, ಹಲ್ಲು ಚೂಪು. ಹೊಯಿಗೆಯೊಳಗೆ ಮೈ ಹುದುಗಿಸಿ, ಕಣ್ಣು ಮಾತ್ರ ಹೊರಗಿಟ್ಟು, ಮೈಬಣ್ಣವನ್ನು ತಳದ ಬಣ್ಣಕ್ಕೆ ಹೊಂದಿಸಿಕೊಂಡು ಕಾಯುತ್ತದೆ. ಸಣ್ಣ ಮೀನು ಹತ್ತಿರ ಬಂದರೆ ಸರ್ರನೆ ಮೇಲೆದ್ದು ಹಿಡಿಯುತ್ತದೆ. ಬೇಕೆನಿಸಿದರೆ ಬೆನ್ನಟ್ಟಿಕೊಂಡೂ ಬರುತ್ತದೆ. ಇದು ಸೋಮಾರಿ ಮೀನು ಅಂದುಕೊಂಡವರು ಎರೆಯನ್ನು ತಳದಲ್ಲಿ ಸುಮ್ನೆ ಬಿಟ್ಟು ಕೂರುತ್ತಾರೆ. ಅವರಿಗೆ ಏಡಿ ಚೆನ್ನಾಗಿ ಸಿಗುತ್ತದೆ.

ನಾನು ಹೆಚ್ಚಾಗಿ ಹೋಗುವುದು ಬಾರ್ನೆಗಾಟ್ ಕೊಲ್ಲಿಗೆ. ನಕ್ಷೆಯಲ್ಲಿ ನೋಡಿದರೆ ದೊಡ್ಡ ನೀರು. ಒಳಗೆ ಇಳಿದರೆ ಸರಾಸರಿ ಆಳ ಒಂದೂವರೆ ಮೀಟರ್ ಅಷ್ಟೇ. ಸಮುದ್ರಕ್ಕೂ ಕೊಲ್ಲಿಗೂ ನಡುವೆ ಉದ್ದಕ್ಕೆ ಮರಳಿನ ಪಟ್ಟಿ ಇದೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನೋಡಿದವರಿಗೆ ಇಂಥ ಜಾಗ ಹೊಸದಲ್ಲ. ಸಮುದ್ರದ ಕಡೆ ಉಬ್ಬರ ಇಳಿತದ ನಡುವಿನ ಅಂತರ ಸುಮಾರು ಒಂದೂಕಾಲು ಮೀಟರ್. ಕೊಲ್ಲಿಯ ಒಳಕ್ಕೆ ಹೋದಂತೆ ಅದು ತೀರಾ ಕಡಿಮೆಯಾಗುತ್ತದೆ. ಆದರೆ ಅಳಿವೆಯ ಬಾಯಲ್ಲಿ, ಹೂಳು ತೆಗೆದ ಕಾಲುವೆಗಳಲ್ಲಿ, ಹುಲ್ಲು ದ್ವೀಪಗಳ ನಡುವಿನ ತೋಡುಗಳಲ್ಲಿ ನೀರು ಜೋರಾಗಿಯೇ ಹರಿಯುತ್ತದೆ.

ಫ್ಲೂಕ್ ಚಳಿಗಾಲವನ್ನು ದೂರದ ಆಳ ಸಮುದ್ರದಲ್ಲಿ ಕಳೆದು ವಸಂತದಲ್ಲಿ ದಡದ ಕಡೆ ಬರುತ್ತದೆ. ಮೇ ತಿಂಗಳಲ್ಲಿ ಸಮುದ್ರ ಇನ್ನೂ ತಣ್ಣಗಿರುವಾಗ ಈ ತೆಳು ನೀರು ಬೇಗ ಬಿಸಿಯಾಗುತ್ತದೆ. ಆಗ ಮೀನು ಒಳಗಿರುತ್ತದೆ. ಇಳಿತದ ಹೊತ್ತಿನಲ್ಲಿ ಬಿಸಿ ನೀರಿನ ಜೊತೆ ಸಣ್ಣ ಮೀನು, ಸಿಗಡಿ ಎಲ್ಲ ತೋಡಿನಿಂದ ಹೊರಗೆ ಹರಿದು ಬರುತ್ತವೆ. ಫ್ಲೂಕ್ ತೋಡಿನ ಬಾಯಲ್ಲಿ, ಆಳ ಒಮ್ಮೆಲೇ ಇಳಿಯುವ ಅಂಚಿನಲ್ಲಿ ಕಾಯುತ್ತಿರುತ್ತದೆ. ಜುಲೈ ಕಳೆದು ಕೊಲ್ಲಿ ಕಾದ ಮೇಲೆ ದೊಡ್ಡವು ಅಳಿವೆಗೂ ಹೊರ ಸಮುದ್ರಕ್ಕೂ ಸರಿದುಬಿಡುತ್ತವೆ. ಒಟ್ಟಿನಲ್ಲಿ ಹಗುರ ಸಾಮಾನಿನ ಕಾಲ ಅಂದರೆ ಮೇ, ಜೂನ್. ಆಳ ಹೆಚ್ಚೆಂದರೆ ಎರಡು ಆಳು.

ಈಗ ಸೀಸಕ್ಕೆ ಬರೋಣ.

ನೀರಿನಲ್ಲಿ ಸೀಸ ನಿಲ್ಲದೆ ಕೊಚ್ಚಿಹೋಗುವುದು ಸೀಸದ ತಪ್ಪಲ್ಲ. ತಪ್ಪು ದಾರದ್ದು. ಹರಿವು ದಾರದ ಉದ್ದಕ್ಕೂ ತಳ್ಳುತ್ತದೆ. ದಾರ ದಪ್ಪ ಆದಷ್ಟೂ ನೀರಿಗೆ ಸಿಗುವ ಮೈ ಜಾಸ್ತಿ. ಹರಿವಿನ ವೇಗ ಎರಡು ಪಟ್ಟಾದರೆ ಆ ತಳ್ಳು ಸುಮಾರು ನಾಲ್ಕು ಪಟ್ಟಾಗುತ್ತದೆ. ದಾರ ನಡುವೆ ಬಾಗಿ ಹೊಟ್ಟೆ ಬಿಡುತ್ತದೆ, ಸೀಸವನ್ನು ತಳದಿಂದ ಎತ್ತುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಇನ್ನಷ್ಟು ಸೀಸ ಕಟ್ಟುವುದು. ಸೀಸ ಹೆಚ್ಚಿದರೆ ಅದನ್ನು ಎತ್ತಲು ಬಿಗಿ ರಾಡ್ ಬೇಕು. ಬಿಗಿ ರಾಡಿಗೆ ದಪ್ಪ ದಾರ. ದಪ್ಪ ದಾರಕ್ಕೆ ಮತ್ತೆ ಸೀಸ. ಕೊನೆಗೆ ಎರಡು ಆಳು ನೀರಿನಲ್ಲಿ ಆರು ಔನ್ಸ್ ಸೀಸ ಎಳೆದಾಡುತ್ತಾ ಕೂತಿರುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಕೈಗೆ ಸೀಸದ ಭಾರ ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಇದನ್ನು ಬಿಡಿಸುವ ದಾರಿ ದಾರದಿಂದ ಶುರುವಾಗಬೇಕು. ಹತ್ತು ಪೌಂಡ್ (ಸುಮಾರು ನಾಲ್ಕೂವರೆ ಕಿಲೋ) ತಾಳುವ ನೈಲಾನ್ ದಾರದ ದಪ್ಪ ಸುಮಾರು 0.28 ಮಿಲಿಮೀಟರ್. ಅಷ್ಟೇ ತಾಳುವ ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದ ದಾರದ ದಪ್ಪ ಹೆಚ್ಚು ಕಡಿಮೆ 0.15. ಅರ್ಧಕ್ಕೆ ಇಳಿಯಿತು ನೋಡಿ. ನೀರಿನ ತಳ್ಳೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ನೈಲಾನಿನಲ್ಲಿ ಎರಡು ಔನ್ಸ್ ಬೇಕಿದ್ದ ಜಾಗದಲ್ಲಿ ಈಗ ಒಂದು ಔನ್ಸ್ ಸಾಕಾಗಬಹುದು. ಕೊಲ್ಲಿಯ ಒಳಗೆ ಹರಿವು ಮೆಲ್ಲಗಿದ್ದರೆ ಅರ್ಧ ಔನ್ಸ್, ಅಂದರೆ 14 ಗ್ರಾಂ. ಇನ್ನೂ ತೆಳು ನೀರಿನಲ್ಲಿ ಕಾಲು ಔನ್ಸೂ ನಡೆಯುತ್ತದೆ. ಜೊತೆಗೆ ಇನ್ನೊಂದು ಲಾಭ ಇದೆ. ನೈಲಾನ್ ಎಳೆದರೆ ಹಿಗ್ಗುತ್ತದೆ. ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಸೀಸ ಹೊಯಿಗೆಗೆ ತಾಗಿದ್ದು, ಚಿಪ್ಪಿನ ಮೇಲೆ ಉಜ್ಜಿದ್ದು, ಹುಲ್ಲಿಗೆ ಸಿಕ್ಕಿದ್ದು ಎಲ್ಲವೂ ಬೆರಳಿಗೆ ಬೇರೆ ಬೇರೆಯಾಗಿ ತಿಳಿಯುತ್ತದೆ.

ಬ್ರೇಡಿನ ತುದಿಗೆ ಮೂರು ನಾಲ್ಕು ಅಡಿ ಫ್ಲೋರೋಕಾರ್ಬನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ದಾರ ಕಟ್ಟುತ್ತೇನೆ, ಅದಕ್ಕೆ ಲೀಡರ್ ಅನ್ನುತ್ತಾರೆ. ಹದಿನೈದರಿಂದ ಇಪ್ಪತ್ತು ಪೌಂಡ್. ಹಲ್ಲಿಗೂ ಚಿಪ್ಪಿಗೂ ಉಜ್ಜಿದರೆ ಬ್ರೇಡ್ ತಾಳುವುದಿಲ್ಲ, ಅದಕ್ಕೆ. ಮೀನಿಗೆ ದಾರ ಕಾಣಬಾರದು ಅಂತ ಬಹಳ ಜನ ಹೇಳುತ್ತಾರೆ. ಕಲಕಿದ ನೀರಿನಲ್ಲಿ ಆ ಮಾತಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ರಿಗ್ ವಿಷಯದಲ್ಲಿ ನನ್ನ ಆಯ್ಕೆ ಬಕ್‌ಟೇಲ್ ಮತ್ತು ಟೀಸರ್. ಬಕ್‌ಟೇಲ್ ಅಂದರೆ ಸೀಸದ ತಲೆಗೆ ಜಿಂಕೆ ಬಾಲದ ಕೂದಲು ಕಟ್ಟಿದ ಗಾಳ. ಇಲ್ಲಿ ಸೀಸವೂ ಗಾಳವೂ ಒಂದೇ ವಸ್ತು. ನಡುವೆ ಕೊಂಡಿ ಇಲ್ಲ, ಉಂಗುರ ಇಲ್ಲ. ಮೀನು ಬಾಯಿ ಹಾಕಿದ ಕೂಡಲೇ ಕೈಗೆ ಗೊತ್ತಾಗುತ್ತದೆ. ಲೀಡರಿನ ತುದಿಗೆ ಅದನ್ನು ಕಟ್ಟುವುದು. ಅದರಿಂದ ಒಂದೂವರೆ ಅಡಿ ಮೇಲೆ ದಾರದಲ್ಲೇ ಒಂದು ಸಣ್ಣ ಕುಣಿಕೆ ಮಾಡಿ, ಅದಕ್ಕೆ ಬರೀ ಗಾಳ ಹಾಕುವುದು. ಅದೇ ಟೀಸರ್. ಎರಡಕ್ಕೂ ನಾಲ್ಕು ಇಂಚಿನ ಗಲ್ಪ್. ಗಲ್ಪ್ ನೋಡಲು ರಬ್ಬರಿನ ಹುಳುವಿನಂತೆ ಇದ್ದರೂ ರಬ್ಬರಲ್ಲ. ನೀರಿಗೆ ವಾಸನೆ ಬಿಡುವ ಹಾಗೆ ಮಾಡಿದ ಎರೆ. ಬಿಳಿ ಅಥವಾ ಗಿಳಿಹಸಿರು ಬಣ್ಣದ್ದು ಇದ್ದರೆ ಸಾಕು, ಉಳಿದ ಹತ್ತು ಬಣ್ಣ ಅಂಗಡಿಯವರ ಹೊಟ್ಟೆಪಾಡಿಗೆ. ಬಿಸಿಲಲ್ಲಿ ಗಾಳದಲ್ಲೇ ಬಿಟ್ಟರೆ ಒಣಗಿ ಕಲ್ಲಾಗುತ್ತದೆ, ಆಮೇಲೆ ಚಾಕು ಹಾಕಿಯೇ ತೆಗೆಯಬೇಕು.

ಟೀಸರ್ ಮೇಲೆ ತೇಲುತ್ತಿರುತ್ತದೆ, ಬಕ್‌ಟೇಲ್ ತಳದಲ್ಲಿ ಕುಪ್ಪಳಿಸುತ್ತದೆ. ರಾಡಿನ ತುದಿಯನ್ನು ಆರೇಳು ಇಂಚು ಎತ್ತಿ ಇಳಿಸಿದರೆ ಸಾಕು. ಪ್ರತಿ ಸಲ ಇಳಿದಾಗಲೂ ಹೊಯಿಗೆ ಸ್ವಲ್ಪ ಏಳುತ್ತದೆ. ಮೀನು ಅದನ್ನು ನೋಡಿ ಬರುತ್ತದೆ, ಬಂದು ಮೇಲಿನ ಟೀಸರನ್ನೇ ಹಿಡಿಯುತ್ತದೆ. ಬಹಳಷ್ಟು ಸಲ ಹೀಗೇ. ಕೆಳಗೆ ಬಿದ್ದಿರುವ ಮೀನಿನ ಎರಡೂ ಕಣ್ಣು ಮೇಲಕ್ಕೇ ನೋಡುತ್ತಿರುತ್ತವೆ ಅಲ್ವಾ? ತನಗಿಂತ ಸ್ವಲ್ಪ ಮೇಲೆ ಹೋಗುವುದು ಅದಕ್ಕೆ ಚೆನ್ನಾಗಿ ಕಾಣುತ್ತದೆ. ಭಾರದ ಸೀಸ ಹಾಕಿದಾಗ ಈ ಕುಣಿತವೇ ಸಾಯುತ್ತದೆ. ಸೀಸ ಹೊಯಿಗೆಯಲ್ಲಿ ಹೂತು ಗೀರುತ್ತಾ ಹೋಗುತ್ತದೆ, ಎರೆ ಅದರ ಹಿಂದೆ ತಳದಲ್ಲಿ ಬಿದ್ದು ಎಳೆಯಲ್ಪಡುತ್ತದೆ.

ತೂಕ ಸರಿಯಿದೆಯೇ ಅಂತ ನೋಡುವುದು ಹೀಗೆ. ಬಿಡಿ, ತಳ ಮುಟ್ಟಲಿ. ಒಮ್ಮೆ ಎತ್ತಿ ಮತ್ತೆ ಇಳಿಸಿ. ಎರಡನೇ ಸಲವೂ ಟಕ್ ಅಂತ ತಾಗಿದ್ದು ತಿಳಿದರೆ ಆಯಿತು. ಮೂರನೇ, ನಾಲ್ಕನೇ ಸಲಕ್ಕೆ ದಾರ ದೂರ ಸರಿದು ತಾಗುವುದು ತಿಳಿಯದಿದ್ದರೆ ಒಂದು ಮೆಟ್ಟಿಲು ಹೆಚ್ಚಿಸಿ. ಎತ್ತಲು ಹೋದಾಗ ಅಂಟಿಕೊಂಡಂತೆ ಅನಿಸಿದರೆ ಒಂದು ಮೆಟ್ಟಿಲು ಇಳಿಸಿ. ಇಳಿತ ಶುರುವಾದಾಗ 10 ಗ್ರಾಂ, ನಡುವಿನಲ್ಲಿ ಹರಿವು ಜೋರಾದಾಗ 21, ಕೊನೆಗೆ ಮತ್ತೆ 10. ಒಂದೇ ಬೆಳಿಗ್ಗೆ ಹೀಗೆ ಬದಲಾಯಿಸಬೇಕಾಗುತ್ತದೆ. ಇದಕ್ಕೆ ಬೇಜಾರು ಪಡುವವರೇ ಮೊದಲಿಗೇ ನಾಲ್ಕು ಔನ್ಸ್ ಕಟ್ಟಿಬಿಡುವುದು.

ದೋಣಿ ಇದ್ದರೆ ಅದನ್ನು ಹರಿವಿನ ಜೊತೆ ಬಿಡುತ್ತಾರೆ. ಒಂದು ನಾಟ್ (ಗಂಟೆಗೆ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ) ಆಸುಪಾಸಿನ ವೇಗ ಚೆನ್ನ. ಗಾಳಿ ಎದುರಾಗಿ ದೋಣಿ ನಿಂತುಬಿಟ್ಟರೆ ಬಕ್‌ಟೇಲನ್ನು ದೂರ ಎಸೆದು ಎಳೆದುಕೊಳ್ಳಬೇಕು. ದಡದಿಂದ ಹಿಡಿಯುವವರು ಹೇಗೂ ಅದನ್ನೇ ಮಾಡುತ್ತಾರೆ.

ಬಕ್‌ಟೇಲ್ ಎಲ್ಲರ ಕೈಗೂ ಹಿಡಿಸುವುದಿಲ್ಲ. ಕೈಗೆ ಬಿಡುವಿಲ್ಲ, ಮಕ್ಕಳು ಜೊತೆಗಿದ್ದರೆ ಆಗುವುದೂ ಇಲ್ಲ. ಆಗ ಜಾರುವ ಸೀಸದ ರಿಗ್. ಮೊಟ್ಟೆಯಾಕಾರದ, ನಡುವೆ ತೂತಿರುವ ಸೀಸವನ್ನು ದಾರಕ್ಕೆ ಪೋಣಿಸಿ, ಕೆಳಗೆ ಒಂದು ಸ್ವಿವೆಲ್ (ತಿರುಗುವ ಕೊಂಡಿ), ಅದಕ್ಕೆ ಎರಡೂವರೆ ಮೂರು ಅಡಿ ಲೀಡರ್, ತುದಿಗೆ ಅಗಲ ಬಾಯಿಯ ಗಾಳ. ಗಾಳಕ್ಕೆ ಜೀವಂತ ಕಿಲ್ಲಿ ಮೀನು, ಎರಡೂ ತುಟಿ ಸೇರಿಸಿ ಚುಚ್ಚಿದ್ದು. ಕಿಲ್ಲಿ ಗಟ್ಟಿ ಪ್ರಾಣಿ, ಒದ್ದೆ ಹುಲ್ಲಿನಲ್ಲಿ ಸುತ್ತಿಟ್ಟರೂ ಗಂಟೆಗಟ್ಟಲೆ ಬದುಕಿರುತ್ತದೆ. ಫ್ಲೂಕ್ ಎರೆ ಹಿಡಿದು ಸರಿದಾಗ ದಾರ ಸೀಸದ ತೂತಿನಲ್ಲಿ ಜಾರುತ್ತದೆ, ಮೀನಿಗೆ ಭಾರ ತಾಗುವುದಿಲ್ಲ. ಮೂರು ಕಿವಿಯ ಸ್ವಿವೆಲ್ ಹಾಕಿದ ರಿಗ್ ಕೂಡ ಇದೆ, ಒಂದು ಕಿವಿಗೆ ಗಿಡ್ಡ ದಾರದಲ್ಲಿ ಸೀಸ, ಇನ್ನೊಂದಕ್ಕೆ ಉದ್ದ ಲೀಡರ್. ಬಾಡಿಗೆ ದೋಣಿಗಳಲ್ಲಿ ಎಲ್ಲರಿಗೂ ಕೊಡುವುದು ಅದನ್ನೇ. ಕೆಲಸ ಮಾಡುತ್ತದೆ. ನನಗೆ ಅದರಲ್ಲಿ ರುಚಿ ಇಲ್ಲ.

ಈ ಮೀನು ಕಚ್ಚುವುದನ್ನು ಹೊಸಬರಿಗೆ ವಿವರಿಸುವುದು ಕಷ್ಟ. ಬೇರೆ ಮೀನಿನ ಹಾಗೆ ಎಳೆದುಕೊಂಡು ಓಡುವುದಿಲ್ಲ. ಒಂದೆರಡು ಸಣ್ಣ ತಟ್ಟು, ಆಮೇಲೆ ದಾರಕ್ಕೆ ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಒಂದು ಭಾರ. ಅಷ್ಟೇ. ಕಸ ಅಂದುಕೊಂಡು ರಾಡ್ ಅಲ್ಲಾಡಿಸಿದರೆ ಬಿಟ್ಟುಬಿಡುತ್ತದೆ. ಕಿಲ್ಲಿ ಹಾಕಿದ್ದರೆ ಆ ಭಾರ ಬಂದ ಮೇಲೆ ತುದಿಯನ್ನು ಸ್ವಲ್ಪ ಬಗ್ಗಿಸಿ, ಎರಡು ಉಸಿರು ಕಾದು, ಮೆಲ್ಲಗೆ ಎತ್ತಬೇಕು. ಬಕ್‌ಟೇಲ್ ಆದರೆ ಕಾಯಬಾರದು. ಮೇಲೆ ಬಂದಾಗ ಮೀನು ದೋಣಿ ನೋಡಿ ಒಮ್ಮೆ ತಲೆ ಕೊಡವುತ್ತದೆ. ಹೆಚ್ಚಿನವರ ಮೀನು ಹೋಗುವುದು ಅಲ್ಲೇ. ತಲೆಯನ್ನು ನೀರಿನಿಂದ ಮೇಲೆ ಎತ್ತದೆ, ಬಲೆಯನ್ನು ನೀರೊಳಗೇ ಇಟ್ಟು ಅದರ ಮೇಲೆ ಎಳೆದುಕೊಳ್ಳಬೇಕು.

ಹಗುರ ಸಾಮಾನು ಅಂದರೆ ಆಟದ ಖುಷಿಗಾಗಿ ಅಂತ ಬಹಳ ಜನ ತಿಳಿದಿದ್ದಾರೆ. ಸಣ್ಣ ಮೀನೂ ದೊಡ್ಡದಾಗಿ ಅನಿಸಲಿ ಅಂತ. ನನಗೆ ಅದಕ್ಕಿಂತ ದೊಡ್ಡ ಕಾರಣ ಅಳತೆ ಪಟ್ಟಿ. ಇಲ್ಲಿ ಫ್ಲೂಕ್ ಇಟ್ಟುಕೊಳ್ಳಲು ಉದ್ದದ ನಿಯಮ ಇದೆ. 2024 ಮತ್ತು 2025ರಲ್ಲಿ ನ್ಯೂಜೆರ್ಸಿಯ ಹೆಚ್ಚಿನ ಕಡೆ ಕನಿಷ್ಠ 18 ಇಂಚು, ದಿನಕ್ಕೆ ಒಬ್ಬರಿಗೆ 3 ಮೀನು. ಹದಿನೆಂಟು ಇಂಚಿನ ಮೀನು ಸುಮಾರು ಒಂದು ಕಿಲೋ ತೂಗುತ್ತದೆ. ಕೊಲ್ಲಿಯ ಒಳಗೆ ಸಿಗುವುದರಲ್ಲಿ ಹೆಚ್ಚಿನವು ಅದಕ್ಕಿಂತ ಚಿಕ್ಕವು. ಹಾಗಾಗಿ ಇಲ್ಲಿ ಮೀನು ಹಿಡಿಯುವುದು ಅಂದರೆ ಬಹುಪಾಲು ಮೀನು ಬಿಡುವುದೇ. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಗಾಳದಿಂದ ಬಿಟ್ಟ ಫ್ಲೂಕ್‌ಗಳಲ್ಲಿ ನೂರಕ್ಕೆ ಹತ್ತು ಸಾಯುತ್ತವೆ ಅಂತ ಮೀನು ಲೆಕ್ಕ ಹಾಕುವ ವಿಜ್ಞಾನಿಗಳು ಹಿಡಿಯುತ್ತಾರೆ. ಗಂಟಲಿಗೆ ಇಳಿದ ಗಾಳ ಆದರೆ ಬದುಕುವುದು ಇನ್ನೂ ಕಷ್ಟ. ಭಾರದ ಸೀಸ ಹಾಕಿ, ಕಚ್ಚಿದ್ದೇ ತಿಳಿಯದೆ ಕೂತವರ ಗಾಳ ಗಂಟಲಿಗೆ ಇಳಿಯುತ್ತದೆ. ಹಗುರ ಬಕ್‌ಟೇಲಿನಲ್ಲಿ ಮೊದಲ ತಟ್ಟಿಗೇ ಕೈ ಎಚ್ಚರವಾಗುತ್ತದೆ, ಗಾಳ ತುಟಿಯಲ್ಲೇ ನಿಲ್ಲುತ್ತದೆ. ಗಾಳ ಸಣ್ಣದಾದಷ್ಟೂ ಮೀನಿಗೆ ಒಳ್ಳೆಯದು ಅಂತ ತಿಳಿಯುವುದೂ ಸರಿಯಲ್ಲ. ಈ ದೊಡ್ಡ ಬಾಯಿಯ ಮೀನು ಸಣ್ಣ ಗಾಳವನ್ನು ನುಂಗಿಬಿಡುತ್ತದೆ. ಸೀಸ ಹಗುರ ಇರಲಿ, ಗಾಳ ಮಾತ್ರ 3/0 ಅಥವಾ 4/0 ಅಳತೆಯ ದೊಡ್ಡದೇ ಇರಲಿ.

ನಿಯಮದ ಬಗ್ಗೆ ನನ್ನದೊಂದು ತಕರಾರು ಇದೆ. ಫ್ಲೂಕ್‌ನಲ್ಲಿ ಹೆಣ್ಣು ಬೇಗ ಬೆಳೆಯುತ್ತದೆ, ದೊಡ್ಡದಾಗುತ್ತದೆ. ಗಂಡು ಆ ಗಾತ್ರಕ್ಕೆ ಬರುವುದು ಕಡಿಮೆ. ಹದಿನೆಂಟು ಇಂಚು ದಾಟಿದ್ದನ್ನು ಮಾತ್ರ ಇಟ್ಟುಕೊಳ್ಳಿ ಅಂದರೆ ಮೊಟ್ಟೆ ಇಡುವ ಹೆಣ್ಣನ್ನೇ ಆರಿಸಿ ತಿನ್ನಿ ಅಂದ ಹಾಗಾಯಿತು. 2022 ಮತ್ತು 2023ರಲ್ಲಿ ರಾಜ್ಯ ಬೇರೆ ದಾರಿ ನೋಡಿತ್ತು. 17ರಿಂದ 18 ಇಂಚಿನೊಳಗಿನವು ಎರಡು, 18 ದಾಟಿದ್ದು ಒಂದು. ಹಿಡಿಯುವವರು ಅದಕ್ಕೆ ಸಿಕ್ಕಾಪಟ್ಟೆ ಗೊಣಗಿದರು. ದೋಣಿಯಲ್ಲಿ ಒದ್ದಾಡುವ ಮೀನನ್ನು ಅಷ್ಟು ಸಣ್ಣ ಅಂತರದಲ್ಲಿ ಅಳೆಯುವುದು ಸುಲಭವೂ ಅಲ್ಲ. ಆದರೂ ಆ ಯೋಚನೆಯಲ್ಲಿ ಹುರುಳಿತ್ತು ಅಂತಲೇ ನನಗನಿಸುತ್ತದೆ.

ಹಗುರವೇ ಎಲ್ಲ ಕಡೆ ಸರಿ ಅಂತ ನಾನು ಹೇಳುತ್ತಿಲ್ಲ. ಬಾರ್ನೆಗಾಟ್ ದೀಪಸ್ತಂಭದ ಎದುರಿನ ಅಳಿವೆಯಲ್ಲಿ ಇಳಿತ ಜೋರಾದಾಗ ಅರ್ಧ ಔನ್ಸ್ ಬಕ್‌ಟೇಲ್ ಬಿಟ್ಟರೆ ಅದು ತಳ ನೋಡುವುದೇ ಇಲ್ಲ. ಹೊರ ಸಮುದ್ರದಲ್ಲಿ ಅರವತ್ತು ಅಡಿ ಆಳದ ಕಲ್ಲು ರಾಶಿಗಳ ಮೇಲೆ ನಾಲ್ಕು, ಆರು ಔನ್ಸ್ ಬೇಕೇ ಬೇಕು. ದೊಡ್ಡ ಮೀನಿರುವುದೂ ಅಂಥಲ್ಲೇ. ಫ್ಲೂಕ್‌ನ ವಿಶ್ವ ದಾಖಲೆ 22 ಪೌಂಡ್ 7 ಔನ್ಸ್, ಹತ್ತು ಕಿಲೋಗೂ ಮೇಲೆ. 1975ರಲ್ಲಿ ನ್ಯೂಯಾರ್ಕಿನ ಮೊಂಟಾಕ್‌ನಲ್ಲಿ ಸಿಕ್ಕಿದ್ದು. ಅಂಥದ್ದರ ಆಸೆ ಇದ್ದವರಿಗೆ ನನ್ನ ಮಾತು ಉಪಯೋಗಕ್ಕೆ ಬಾರದು. ಆದರೆ ಅಲ್ಲಿಯೂ ಲೆಕ್ಕ ಅದೇ. ಅಲ್ಲಿ ತಳ ಮುಟ್ಟಲು ಆರು ಔನ್ಸ್ ಬೇಕು, ಆದ್ದರಿಂದ ಆರು. ಎಂಟಲ್ಲ.

ಮೀನು ಬದಲಾದರೆ ರಿಗ್ ಪೂರ್ತಿ ಬದಲಾಗುತ್ತದೆ ಅನ್ನುವುದಕ್ಕೆ ಇದೇ ನೀರಿನಲ್ಲಿ ಇನ್ನೊಂದು ಚಪ್ಪಟೆ ಮೀನಿದೆ. ವಿಂಟರ್ ಫ್ಲೌಂಡರ್. ಇದರ ಕಣ್ಣು ಬಲಗಡೆ, ಬಾಯಿ ತೀರಾ ಸಣ್ಣದು. ಮೈಯೊಳಗಿನ ರಕ್ತ ಮಂಜುಗಡ್ಡೆಯಾಗದಂತೆ ತಡೆಯುವ ಪ್ರೋಟೀನು ಮೈಯಲ್ಲೇ ಇರುವುದರಿಂದ ಕೊರೆಯುವ ನೀರಿನಲ್ಲೂ ಬದುಕುತ್ತದೆ. ಇದಕ್ಕೆ ಉದ್ದ ಕಾಲಿನ ಪುಟ್ಟ ಗಾಳ, ಹುಳುವಿನ ತುಂಡು, ಕದಲದೆ ಬಿದ್ದಿರುವ ಸೀಸ. ನಂಗಿಗೆ ಯಾರಾದರೂ ಗಾಳ ಮಾಡಿದರೆ ಇದಕ್ಕಿಂತಲೂ ಸಣ್ಣದು ಬೇಕಾದೀತು. ಇಂಗ್ಲೆಂಡಿನ ಅಳಿವೆಗಳಲ್ಲಿ ಅಲ್ಲಿಯ ಫ್ಲೌಂಡರ್‌ಗೆ ಹೊಳೆಯುವ ಚಮಚದ ಹಿಂದೆ ಹುಳು ಕಟ್ಟಿ ಮೆಲ್ಲಗೆ ಎಳೆಯುವ ಹಳೆಯ ಪದ್ಧತಿ ಇದೆ. ತಗಡು ಬೇಡ ಅಂತ ನಾನು ಮೇಲೆ ಅಂದದ್ದನ್ನು ಅವರು ಒಪ್ಪಲಿಕ್ಕಿಲ್ಲ. ಒಪ್ಪಬೇಕಾಗಿಯೂ ಇಲ್ಲ, ಅವರ ನೀರು ಬೇರೆ, ಮೀನು ಬೇರೆ.

ನ್ಯೂಜೆರ್ಸಿಯದೇ ಎಡಿಸನ್ ಊರಿನ ಕಡೆ ಇರುವ ಗೆಳೆಯರು ಏನೇನು ಕೊಳ್ಳಬೇಕು ಅಂತ ಕೇಳುತ್ತಿರುತ್ತಾರೆ. ಏಳಡಿಯ ಮೆದು ಸ್ಪಿನ್ನಿಂಗ್ ರಾಡ್, 2500 ಅಥವಾ 3000 ಅಳತೆಯ ರೀಲು, ಹತ್ತು ಪೌಂಡ್ ಬ್ರೇಡ್. ಕಾಲು ಔನ್ಸಿನಿಂದ ಒಂದು ಔನ್ಸಿನವರೆಗಿನ ಬಕ್‌ಟೇಲ್ ನಾಲ್ಕಾರು. ಟೀಸರಿಗೆ ಒಂದಿಷ್ಟು ಗಾಳ. ಸಮುದ್ರದಲ್ಲಿ ಹಿಡಿಯಲು ರಾಜ್ಯದ ನೋಂದಣಿ ಬೇಕು, ಅದಕ್ಕೆ ದುಡ್ಡಿಲ್ಲ. ದೋಣಿ ಇಲ್ಲದವರು ಐಲ್ಯಾಂಡ್ ಬೀಚ್ ಸ್ಟೇಟ್ ಪಾರ್ಕಿಗೆ ಹೋಗಿ. 2025ರಲ್ಲಿ ಅಲ್ಲಿ ದಡದಿಂದ ಹಿಡಿಯುವವರಿಗೆ 16 ಇಂಚಿನ ಎರಡು ಮೀನಿನ ರಿಯಾಯಿತಿ ಇತ್ತು. ನಿಯಮ ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮೊದಲು ಆ ವರ್ಷದ್ದನ್ನು ನೋಡಿಕೊಳ್ಳಿ. ಸಿಕ್ಕಿದರೆ ಬೆನ್ನಿನ ಕಡೆ ಎರಡು, ಬಿಳಿ ಹೊಟ್ಟೆಯ ಕಡೆ ಎರಡು ಹೋಳು ಬರುತ್ತವೆ. ಮುಳ್ಳಿನ ಕಾಟ ಇಲ್ಲ. ಬಿಳಿ ಚರ್ಮದ ಪಟ್ಟಿಯನ್ನು ಎಸೆಯಬೇಡಿ, ಉದ್ದಕ್ಕೆ ಕತ್ತರಿಸಿ ಗಾಳಕ್ಕೆ ಹಾಕಿದರೆ ಒಳ್ಳೆಯ ಎರೆ. ಅದನ್ನು ಕತ್ತರಿಸಿದ ಮೀನಿನ ಅಸ್ಥಿಪಂಜರವನ್ನು ಮಾತ್ರ ದಡಕ್ಕೆ ಬರುವವರೆಗೆ ಜೊತೆಗಿಟ್ಟುಕೊಳ್ಳಿ, ತಪಾಸಣೆಯವರು ಬಂದರೆ ಉದ್ದ ತೋರಿಸಬೇಕಾಗುತ್ತದೆ. ಇನ್ನು ಗಲ್ಪ್ ಡಬ್ಬಿಯ ಮುಚ್ಚಳ. ಅದನ್ನು ಎರಡು ಸಲ ತಿರುಗಿಸಿ ಬಿಗಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆಮೇಲೆ ಕಾರಿನಲ್ಲಿಡಿ. ಆ ನೀರು ಸೀಟಿನ ಮೇಲೆ ಚೆಲ್ಲಿದರೆ ಮುಂದಿನ ಮೇ ತಿಂಗಳವರೆಗೂ ಮನೆಯವರು ಆ ಕಾರು ಹತ್ತುವುದಿಲ್ಲ.